ಮಂಜಿನ ಸೀಮೆಯಲ್ಲಿ ಅಂಗೈಯ ದೇಗುಲ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಕೇರಿಯಲ್ಲ. ಗದ್ದೆಬಯಲಿನ ಅಂಚಿಗೊಂದು, ತೋಟದ ಏರಿಗೊಂದು ಮನೆ. ನಡುವೆ ಹಳ್ಳ, ಕಾಡು, ಇಳಿಜಾರು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬರುವವರೆಗೂ ಬಿಡುವುದಿಲ್ಲ. ಹಳ್ಳ ತುಂಬಿದರೆ ನೆರೆಮನೆಯೂ ದೂರದೂರು. ಇಂತಹ ನೆಲದಲ್ಲಿ ದೇವರ ಸನ್ನಿಧಿಯನ್ನು ನಿತ್ಯ ಬಯಸುವ ಭಕ್ತನು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಶರಣಧರ್ಮವು ಕೊಟ್ಟ ಉತ್ತರ ಸರಳವಾದುದು: ಎಲ್ಲಿಗೂ ಹೋಗಬೇಕಾಗಿಲ್ಲ.

12ನೆಯ ಶತಮಾನದಲ್ಲಿ ಬಸವಾದಿ ಶರಣರು ದೇವರನ್ನು ಗರ್ಭಗುಡಿಯಿಂದ ಭಕ್ತನ ಅಂಗೈಗೆ ತಂದರು. ಇಷ್ಟಲಿಂಗವು ಕರಡಿಗೆಯೊಳಗೆ, ಶಿವದಾರದಲ್ಲಿ, ಸದಾ ಎದೆಯ ಮೇಲಿರುತ್ತದೆ. ಮಿಂದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಅದನ್ನಿರಿಸಿಕೊಂಡು ದೃಷ್ಟಿಯನ್ನು ನಿಲ್ಲಿಸಿದರೆ ಅಲ್ಲಿಯೇ ದೇಗುಲ. ಅದಕ್ಕೆ ಮುಹೂರ್ತ ಬೇಡ, ನಡುವೆ ಅರ್ಚಕ ಬೇಡ. ಹೆಣ್ಣು ಗಂಡೆಂಬ ಭೇದವೂ ಇಲ್ಲ. ಹೊರಗೆ ಮಳೆ ಹೊಯ್ಯುತ್ತಿರುವಾಗ ಒಲೆಯ ಬದಿಯಲ್ಲಿ ಕುಳಿತ ಗೃಹಿಣಿಯೂ ಆ ದೇಗುಲದ ಒಡತಿಯೇ.

ಬೆಟ್ಟದ ಬಾಳಿಗೆ ನೇರವಾಗಿ ತಾಗುವ ವಚನವೊಂದು ಅಕ್ಕಮಹಾದೇವಿಯವರದು. ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿ, ಕಲ್ಯಾಣವನ್ನು ಹೊಕ್ಕು, ಶ್ರೀಶೈಲದ ಕದಳಿಯತ್ತ ನಡೆದ ಅಕ್ಕ ಕಾಡಿನ ದಾರಿಯನ್ನು ಬಲ್ಲವರು. ಆ ವಚನದಲ್ಲಿ ಅವರು ಮೂರು ನೆಲೆಗಳನ್ನು ಹೆಸರಿಸುತ್ತಾರೆ: ಗುಡ್ಡ, ಕಡಲ ದಂಡೆ, ಸಂತೆ. ಒಂದೊಂದು ನೆಲೆಗೂ ಅದರದೇ ಅಂಜಿಕೆಯುಂಟು. ಅಲ್ಲಿ ಮನೆ ಮಾಡಿದವರು ಅದನ್ನು ಅರಿತೇ ಮಾಡಿದವರು. ಹಾಗೆಯೇ ಲೋಕದ ನಡುವೆ ಬಾಳುವವರಿಗೆ ಹೊಗಳಿಕೆ, ತೆಗಳಿಕೆಗಳು ತಪ್ಪಿದ್ದಲ್ಲ. ಅವು ಬಂದಾಗ ಸಿಟ್ಟಿಗೆ ಎಡೆಗೊಡದೆ ಮನಸ್ಸನ್ನು ನೆಲೆಯಲ್ಲಿ ಇರಿಸಿಕೊಳ್ಳಬೇಕೆಂಬುದು ವಚನದ ತಾತ್ಪರ್ಯ. ಬಯಲುಸೀಮೆಯ ಓದುಗನಿಗೆ ಇಲ್ಲಿಯ ಮೃಗವು ಒಂದು ದೃಷ್ಟಾಂತ ಮಾತ್ರ. ಸಕಲೇಶಪುರ, ಆಲೂರಿನವರಿಗೆ ಅದು ಅಂಗಳಕ್ಕೆ ಬರುವ ಆನೆ.

ನಿತ್ಯದ ಕೆಲಸದ ನಡುವೆಯೇ ದೇವರ ಸ್ಮರಣೆ ನಡೆಯಬೇಕೆಂಬ ಭಾವ ಈ ಜಿಲ್ಲೆಯ ಪರಂಪರೆಯಲ್ಲಿ ಹಳೆಯದು. ನೆರೆಯ ಬೇಲೂರು ತಾಲ್ಲೂಕಿನ ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿತ್ತು. ರಗಳೆಯ ಕವಿ ಹರಿಹರನು ಅಲ್ಲಿ ನರಸಿಂಹ ಬಲ್ಲಾಳನ ಕರಣಿಕನಾಗಿದ್ದನೆಂದು ಐತಿಹ್ಯವಿದೆ. ಒಂದು ದಿನ ಆಸ್ಥಾನದಲ್ಲಿ ಲೆಕ್ಕ ಒಪ್ಪಿಸುತ್ತಿದ್ದಾಗ ಆತನು ಇದ್ದಕ್ಕಿದ್ದಂತೆ ಅಂಗೈಗಳನ್ನು ಹೊಸಕಿದನಂತೆ. ಹಂಪೆಯ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಹತ್ತಿದ ಬೆಂಕಿಯನ್ನು ಹಾಗೆ ಆರಿಸಿದನಂತೆ. ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಕಥೆಯ ತಿರುಳು ಬೇರೆಯೇ ಇದೆ. ಕೈಯಲ್ಲಿ ರಾಜನ ಲೆಕ್ಕವಿದ್ದಾಗಲೂ ಮನಸ್ಸು ದೇವರ ಸನ್ನಿಧಿಯಲ್ಲಿರಲು ಸಾಧ್ಯವೆಂದು ಹಿಂದಿನವರು ಈ ಕಥೆಯ ಮೂಲಕ ಮಕ್ಕಳಿಗೆ ಕಲಿಸಿದರು.

ಮುಂದಿನ ಶತಮಾನಗಳಲ್ಲಿ ಈ ಸೀಮೆ ನೆಮ್ಮದಿ ಕಂಡದ್ದು ಕಡಿಮೆ. ಉತ್ತರದಲ್ಲಿ ಇಕ್ಕೇರಿಯ ನಾಯಕರು, ದಕ್ಷಿಣದಲ್ಲಿ ಕೊಡಗಿನ ಹಾಲೇರಿ ಅರಸರು, ಇಬ್ಬರೂ ಲಿಂಗವಂತರು; ಪೂರ್ವದಲ್ಲಿ ಮೈಸೂರು. ನಡುವೆ ಐಗೂರಿನ ಪಾಳೆಯಗಾರರು. ದಂಡುಗಳು ಈ ಬೆಟ್ಟಗಳ ದಾರಿಯಲ್ಲಿ ಹೋಗಿ ಬಂದವು. ಕರಾವಳಿಯ ದಾರಿಯನ್ನು ಕಾಯಲು ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದನು; ಅದು ಮುಗಿದದ್ದು 1792ರಲ್ಲಿ. ಐಗೂರಿನ ವೆಂಕಟಾದ್ರಿ ನಾಯಕನು ಬ್ರಿಟಿಷರನ್ನು ಎದುರಿಸಿ 1802ರಲ್ಲಿ ಗಲ್ಲಿಗೇರಿದನು. ಚರಿತ್ರೆಯ ಪುಟಗಳಲ್ಲಿ ಕೋಟೆಯೂ ದಂಡೂ ಉಳಿದಿವೆ. ದಂಡು ಬಂದಾಗ ಮನೆ ಬಿಟ್ಟು ಕಾಡು ಸೇರಿದ ಒಕ್ಕಲಿನ ಹೆಸರು ಅಲ್ಲಿಲ್ಲ. ಅಂತಹ ಹೊತ್ತಿನಲ್ಲಿ ಕಣಜವನ್ನು ಹೊತ್ತೊಯ್ಯಲಾಗದು, ಗುಡಿಯನ್ನು ಕೀಳಲಾಗದು. ಎದೆಯ ಮೇಲಿನ ಲಿಂಗ ಮಾತ್ರ ಅದನ್ನು ಧರಿಸಿದವರ ಜೊತೆಯಲ್ಲಿಯೇ ನಡೆಯುತ್ತದೆ.

1840ರ ದಶಕದಿಂದ ಮಂಜರಾಬಾದಿನಲ್ಲಿ ಯುರೋಪಿನವರ ಕಾಫಿ ತೋಟಗಳು ಹಬ್ಬಿದವು. ಕಾಲಕ್ರಮದಲ್ಲಿ ಸ್ಥಳೀಯ ಒಕ್ಕಲುಗಳೂ ಬೆಳೆಗಾರರಾದರು. ಕಾಫಿಯೊಡನೆ ಹೊಸ ಚಿಂತೆಗಳೂ ಬಂದವು: ಹೂಮಳೆ ತಪ್ಪುವುದು, ಕಾಂಡಕೊರಕ, ಬೆಲೆಯ ಏರಿಳಿತ, ಸಾಲ. ಇಂದಿಗೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಕೊಯ್ಯುವ ಕಾಲದಲ್ಲಿ ಸಂಜೆ ಕಣದಲ್ಲಿ ತೂಕ ನಡೆಯುತ್ತದೆ. ಬೆಳಗಿನ ಪೂಜೆಗೆ ನಿಜವಾದ ಪರೀಕ್ಷೆ ನಡೆಯುವುದು ಆ ತಕ್ಕಡಿಯ ಮುಂದೆಯೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬರುತ್ತದೆ. ಪತಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಇನ್ನೊಂದು ದಿನ ಅನುಭವದ ಮಾತಿನಲ್ಲಿ ಮೈಮರೆತು ಕುಳಿತಾಗ ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದರು. ಪ್ರಾರ್ಥನೆಯು ದುರಾಸೆಯನ್ನು ತಡೆಯಬೇಕು, ದುಡಿಮೆಯನ್ನು ತಡೆಯಬಾರದು ಎಂಬ ಎರಡು ಪಾಠಗಳು ಇಲ್ಲಿವೆ. ಕೊಯ್ಲಿನ ತೂಕದಲ್ಲಿ ಆಳಿನ ಪಾಲು ಕುಂದದಂತೆ ನೋಡಿಕೊಳ್ಳುವ ಒಡೆಯನೂ, ಹಣ್ಣಿನೊಡನೆ ಕಾಯಿ ಬೆರೆಸದೆ ಕೊಯ್ಯುವ ಕೂಲಿಯೂ ಒಂದೇ ಪೂಜೆಯಲ್ಲಿ ತೊಡಗಿದ್ದಾರೆ.

20ನೆಯ ಶತಮಾನ ಈ ನೆಲಕ್ಕೆ ಎರಡು ಮುಖ್ಯ ಬದಲಾವಣೆಗಳನ್ನು ತಂದಿತು. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ, ಓಲೆಗರಿಗಳಲ್ಲಿದ್ದ ವಚನಗಳು ಕ್ರಮೇಣ ಓದುಬರಹ ಬಲ್ಲ ಮನೆಮನೆಗಳಿಗೂ ದೊರೆಯುವಂತಾದವು. ಎರಡನೆಯದು ನೋವಿನದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರು ಈ ಭಾಗದ ಹಲವು ಹಳ್ಳಿಗಳ ಗದ್ದೆ, ಮನೆ, ಗುಡಿಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಇಂದಿಗೂ ಮಳೆಗಾಲದಲ್ಲಿ ನೀರಿನೊಳಗೆ ಅರ್ಧ ಮುಳುಗಿ ನಿಲ್ಲುತ್ತದೆ. ಯಾವ ಮತದವರದಾದರೂ ಮುಳುಗಿದ ಪೂಜಾಸ್ಥಳ ಒಂದೇ ಬಗೆಯ ಅಳಲು. ಕಟ್ಟಿದ್ದು ಕೆಡಬಹುದು, ನಡೆಯುವ ಭಕ್ತಿ ಕೆಡದೆಂಬ ಬಸವಣ್ಣನವರ ಬೋಧೆಯನ್ನು ನೆಲ ಕಳೆದುಕೊಂಡವರು ಬಾಳಿನಲ್ಲಿ ಓದಬೇಕಾಯಿತು.

ಇನ್ನು ಇಂದಿನ ಅಂಜಿಕೆ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆಗಳೂ ಮನುಷ್ಯರೂ ಒಂದೇ ತೋಟವನ್ನು ಹಂಚಿಕೊಂಡಿದ್ದಾರೆ. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆಯು ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಸಲಹೆ ಮಾಡಿತು. ಮುಂದಿನ ವರ್ಷಗಳಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಆದರೂ ತೆರವಾದ ಎಡೆಗೆ ಬೇರೆ ಆನೆಗಳು ಬಂದವು. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆಯೊಡನೆ ಕಾದಾಡಿ ಮಡಿದನು. ತೋಟಕ್ಕೆ ಹೋದ ಕೂಲಿಯವರು ಸಂಜೆ ಮರಳದೆ ಹೋದ ದಿನಗಳೂ ಇವೆ. ಅಂತಹ ಮನೆಯ ಮುಂದೆ ಅಕ್ಕನ ವಚನವನ್ನು ಹೇಗೆ ಓದಬೇಕು?

ಅದು ಆನೆಗೆ ಅಂಜಬೇಡಿ ಎಂಬ ಅಪ್ಪಣೆಯೆಂದು ಓದಿದರೆ ವಚನಕ್ಕೂ ಅಪಚಾರ, ಸತ್ತವರಿಗೂ ಅಪಚಾರ. ಇಷ್ಟಲಿಂಗವು ಆನೆಯನ್ನು ತಡೆಯುವ ತಾಯಿತವಲ್ಲ. ಆನೆ ಇರುವೆಡೆಯನ್ನು ತಿಳಿಸುವ ಮೊಬೈಲ್ ಸಂದೇಶವನ್ನು ನೋಡದೆ, ದಾರಿಬದಿಯ ಫಲಕದ ಎಚ್ಚರಿಕೆಯನ್ನು ಕಡೆಗಣಿಸಿ ನಸುಕಿನಲ್ಲಿ ಹೊರಡುವುದು ಭಕ್ತಿಯಲ್ಲ. ಅಕ್ಕನ ಮಾತು ಮೃಗದಿಂದ ಹೊರಟು ಕೋಪದಲ್ಲಿ ನಿಲ್ಲುತ್ತದೆಂಬುದನ್ನು ಗಮನಿಸಬೇಕು. ಬೆಳೆ ತುಳಿದ ಮರುದಿನ, ಊರಲ್ಲಿ ಸಾವಾದ ಮರುದಿನ ಮನುಷ್ಯನೊಳಗೆ ಏಳುವ ಸಿಟ್ಟು ಬೇಲಿಗೆ ಕಳ್ಳತಂತಿಯ ವಿದ್ಯುತ್ತನ್ನು ಹರಿಸಬಲ್ಲದು. ಅದು ಆನೆಯನ್ನೂ ಕೊಲ್ಲುತ್ತದೆ, ರಾತ್ರಿ ಆ ದಾರಿಯಲ್ಲಿ ಬಂದ ನೆರೆಯವನನ್ನೂ ಕೊಲ್ಲುತ್ತದೆ. ಅಂಗೈಯ ಮುಂದೆ ಕುಳಿತ ಹತ್ತು ನಿಮಿಷಗಳು ಆ ಸಿಟ್ಟನ್ನು ಕೆಲಸವನ್ನಾಗಿ ಪರಿವರ್ತಿಸಬೇಕು: ಪರಿಹಾರದ ಅರ್ಜಿ ಬರೆಯಲು ನೆರವಾಗುವುದು, ಮಕ್ಕಳನ್ನು ಶಾಲೆಗೆ ಗುಂಪಾಗಿ ಕಳುಹಿಸುವುದು, ದುಡಿಯುವವನನ್ನು ಕಳೆದುಕೊಂಡ ಮನೆಯ ಕೊಯ್ಲನ್ನು ಊರವರು ಸೇರಿ ಮುಗಿಸುವುದು. ಇದೇ ದಾಸೋಹ.

ಸಾಂತ್ವನವೆಂದರೆ ಭಯದ ಕಾರಣ ಇಲ್ಲವಾಗುವುದಲ್ಲ. ಮಳೆ ಸುರಿಯುತ್ತದೆ, ಗುಡ್ಡ ಜರಿಯುತ್ತದೆ, ಆನೆ ಬರುತ್ತದೆ. ಅವುಗಳ ನಡುವೆಯೂ ಕೈ ನಡುಗದೆ ಬೆಳಗಿನ ದೀಪ ಹಚ್ಚುವ, ಸಂಜೆಯ ತೂಕ ತಪ್ಪದ, ನೆರೆಯವರ ಬಾಗಿಲು ತಟ್ಟಲು ಮರೆಯದ ಮನೆಯಲ್ಲಿ ಪ್ರಾರ್ಥನೆ ಫಲಿಸಿದೆಯೆಂದು ತಿಳಿಯಬೇಕು.