ಹಾಯಿದೋಣಿಯ ದ್ವೀಪಯಾನ: ಮಂಗಳೂರು, ಅಮೀನ್‌ದೀವಿ ಮತ್ತು ತೆಂಗಿನ ಹುರಿ

ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವುದು ಈಗ ರಜೆಯ ವಿಹಾರವೆಂದು ಹೆಸರಾಗಿದೆ. ಎರಡು ಒಡಲಿನ ಕ್ಯಾಟಮರಾನ್ ನೌಕೆಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಅಡುಗೆ, ಊಟ, ನಿದ್ದೆ ಎಲ್ಲವನ್ನೂ ಅದರಲ್ಲೇ ಮುಗಿಸುತ್ತ ಮನೆಮಂದಿ ಕಡಲಲ್ಲಿ ತಿರುಗಾಡುವ ಪದ್ಧತಿ ಬಲಿತದ್ದು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ. ಅದಕ್ಕೆ ಬಹಳ ಮೊದಲೇ ಕನ್ನಡ ಕರಾವಳಿಗೂ ಅರಬ್ಬೀ ಸಮುದ್ರದ ಹವಳದ ದ್ವೀಪಗಳಿಗೂ ನಡುವೆ ಹಾಯಿ ಬಿಚ್ಚಿ ಓಡಾಡುತ್ತಿದ್ದ ಜನ ಇದ್ದರು. ಅವರಿಗೆ ಅದು ಹೊಟ್ಟೆಪಾಡು. ಅವರ ದೋಣಿಯನ್ನು ಹೊಲಿದದ್ದು ತೆಂಗಿನ ಹುರಿಯಿಂದ. ದೋಣಿ ಹೊತ್ತು ತಂದದ್ದೂ ಬಹುಪಾಲು ಹುರಿ, ಕಾಯಿ, ಕೊಬ್ಬರಿಯನ್ನೇ. ಹಂದನಕೆರೆ, ತಿಪಟೂರು, ತುರುವೇಕೆರೆ ಕಡೆಯ ತೆಂಗಿನ ತೋಟದವರು ಕಡಲಿನಿಂದ ದೂರವಿದ್ದರೂ ಈ ಚರಿತ್ರೆಯನ್ನು ತಮ್ಮದೇ ಬೆಳೆಯ ಚರಿತ್ರೆಯೆಂದು ಓದಬಹುದು.

ಲಕ್ಷದ್ವೀಪದ ಉತ್ತರಕ್ಕಿರುವ ಅಮೀನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳನ್ನು ಒಟ್ಟಾಗಿ ಅಮೀನ್‌ದೀವಿ ಎನ್ನುತ್ತಾರೆ. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮೀನಿಯ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು, ದ್ವೀಪಗಳು ಅವನ ಕೈಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ಮಂಗಳೂರಿನಿಂದ ಆಡಳಿತ ನಡೆಯತೊಡಗಿತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ವಿಶಾಲ ಮೈಸೂರಿಗೆ ಸೇರಿತು. ಅದೇ ದಿನ ಅಮೀನ್‌ದೀವಿ ಜಿಲ್ಲೆಯಿಂದ ಬೇರ್ಪಟ್ಟು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿಹೋಯಿತು. ನೂರೈವತ್ತು ವರ್ಷಕ್ಕೂ ಮೀರಿದ ಈ ನಂಟಿಗೆ ನಮ್ಮ ಶಾಲಾ ಪುಸ್ತಕಗಳು ಒಂದು ಪ್ಯಾರಾ ಆದರೂ ಕೊಡಬೇಕಿತ್ತು.

ಆ ನಂಟಿನಲ್ಲಿ ಕಹಿಯೂ ಇತ್ತು. ದ್ವೀಪದವರು ಹೊಸೆದ ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಿ, ಸರ್ಕಾರ ಗೊತ್ತುಮಾಡಿದ ದರದಲ್ಲಿ ಬದಲಿಗೆ ಅಕ್ಕಿ ಪಡೆಯಬೇಕಿತ್ತು. ಹವಳದ ಮರಳಿನಲ್ಲಿ ಬತ್ತ ಬೆಳೆಯುವುದಿಲ್ಲ. ಅಕ್ಕಿ ದಡದಿಂದಲೇ ಬರಬೇಕು. ಹುರಿಯ ದರವನ್ನೂ ಅಕ್ಕಿಯ ದರವನ್ನೂ ಒಬ್ಬನೇ ಕಟ್ಟುವಾಗ ನಷ್ಟ ಯಾರಿಗೆ ಎಂಬುದನ್ನು ತಿಪಟೂರಿನ ಎಪಿಎಂಸಿ ಅಂಗಳದಲ್ಲಿ ಕೊಬ್ಬರಿ ಧಾರಣೆಗೆ ಕಾದು ನಿಂತವರಿಗೆ ವಿವರಿಸಬೇಕಾಗಿಲ್ಲ.

ದ್ವೀಪದ ದೊಡ್ಡ ಹಾಯಿದೋಣಿಗೆ ಓಡಂ ಎಂದು ಹೆಸರು. ಅದನ್ನು ಕಟ್ಟುತ್ತಿದ್ದ ಕ್ರಮ ನೋಡತಕ್ಕದ್ದು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಅಂಚಿನುದ್ದಕ್ಕೂ ಸಾಲಾಗಿ ತೂತು ಕೊರೆಯುತ್ತಿದ್ದರು. ಕೂಡುಗೆರೆಯ ಮೇಲೆ ನಾರಿನ ಮೆತ್ತೆ ಇಟ್ಟು, ಒಳಗೊಬ್ಬ ಹೊರಗೊಬ್ಬ ನಿಂತು ತೂತಿನಿಂದ ತೂತಿಗೆ ಹುರಿ ಪೋಣಿಸಿ ಬಿಗಿಯಾಗಿ ಎಳೆಯುತ್ತಿದ್ದರು. ಆಮೇಲೆ ತೂತಿಗೆ ನಾರು ಗಿಡಿದು ರಾಳ ಮೆತ್ತುತ್ತಿದ್ದರು, ಒಡಲಿಗೆ ಮೀನೆಣ್ಣೆ ಸವರುತ್ತಿದ್ದರು. ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹುರಿ ಉಪ್ಪುನೀರನ್ನು ತಾಳುತ್ತದೆ. ಹೊಲಿದ ಒಡಲು ಹವಳದ ದಿಬ್ಬಕ್ಕೆ ತಾಗಿದಾಗ ಸೀಳುವ ಬದಲು ಸ್ವಲ್ಪ ಮಣಿಯುತ್ತದೆ. ಹೊಲಿಗೆ ಸವೆದರೆ ಬಿಚ್ಚಿ ಹೊಸ ಹುರಿಯಲ್ಲಿ ಮತ್ತೆ ಹೊಲಿಯಬಹುದು.

ಈ ಹುರಿ ಎಲ್ಲ ಮಟ್ಟೆಯಿಂದಲೂ ಬರುವುದಿಲ್ಲ. ದ್ವೀಪದ ಹೆಂಗಸರು ಹಸಿ ಮಟ್ಟೆಯನ್ನು ದಡದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತು ಕೊಳೆಯಿಸಿ, ತೆಗೆದು ಬಡಿದು, ಕೈಯಲ್ಲೇ ಹೊಸೆಯುತ್ತಿದ್ದರು. ಹಂದನಕೆರೆ ಸೀಮೆಯ ಕ್ರಮವೇ ಬೇರೆ. ಇಲ್ಲಿ ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ, ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಲಗಲ ಅಲ್ಲಾಡುವ ತನಕ, ವರ್ಷದ ಹತ್ತಿರ ಹತ್ತಿರ ಕಾಯುತ್ತಾರೆ. ಉಂಡೆಕೊಬ್ಬರಿಗೆ ಅದೇ ದಾರಿ. ಆ ಒಣ ಮಟ್ಟೆಯ ನಾರು ಕಂದುಬಣ್ಣದ್ದು, ಬಿರುಸು. ಹಾಸಿಗೆಗೆ, ಬ್ರಷ್ಷಿಗೆ, ಕಾಲೊರಸಿಗೆ ಚೆನ್ನು. ದೋಣಿಯ ಹೊಲಿಗೆಗೆ ಬೇಕಾದ ಮಿದುತನ ಅದಕ್ಕಿಲ್ಲ.

ಮಂಗಳೂರಿನಿಂದ ಚೆತ್ಲತ್‌ಗೆ 250 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಗುರುತಿಗೆ ಒಂದು ಬಂಡೆಯೂ ಕಾಣದು, ದ್ವೀಪಗಳೋ ಸಮುದ್ರಮಟ್ಟದಿಂದ ಕೆಲವೇ ಮೀಟರು ಎತ್ತರ. ದಾರಿ ಹಿಡಿಯಲು ದ್ವೀಪದ ಮಾಲುಮಿಗಳು ಕಮಾಲ್ ಎಂಬ ಸಾಧನ ಬಳಸುತ್ತಿದ್ದರು: ಒಂದು ಚಿಕ್ಕ ಮರದ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ದಾರ. ದಾರದ ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದಕ್ಕೆ ಹಿಡಿದು, ಕೆಳಅಂಚು ಬಾನಂಚಿಗೂ ಮೇಲಂಚು ಧ್ರುವ ನಕ್ಷತ್ರಕ್ಕೂ ಕೂಡುವಂತೆ ನೋಡಬೇಕು. ಮಂಗಳೂರಿನಲ್ಲಿ ಧ್ರುವ ನಕ್ಷತ್ರ ಬಾನಂಚಿನಿಂದ 13 ಡಿಗ್ರಿಯ ಹತ್ತಿರ ಕಂಡರೆ ಅಮೀನಿಯಲ್ಲಿ 11 ಡಿಗ್ರಿಯ ಆಸುಪಾಸು. ತಮ್ಮ ದ್ವೀಪದ ಗಂಟು ಸರಿಹೊಂದುವ ತನಕ ತೆಂಕಣಕ್ಕೆ ಇಳಿದು, ಆಮೇಲೆ ಆ ಎತ್ತರ ತಪ್ಪದಂತೆ ಪಡುವಣಕ್ಕೆ ಸಾಗಿದರೆ ಊರು ಸಿಕ್ಕಿತು. ಎರಡು ಡಿಗ್ರಿಯ ಅಂತರವನ್ನು ಒಂದು ದಾರದ ಗಂಟಿನಲ್ಲಿ ಹಿಡಿದಿಟ್ಟ ಈ ವಿದ್ಯೆಯನ್ನು ಕರಾವಳಿಯ ದೊಡ್ಡ ಸಾಧನೆಗಳ ಸಾಲಿಗೆ ಸೇರಿಸಬೇಕು. ಮುಂಗಾರು ಹಿಡಿದರೆ ಯಾನ ನಿಂತು ದೋಣಿಗಳು ದಡ ಏರುತ್ತಿದ್ದವು. ಯಂತ್ರದ ದೋಣಿ, ಹಡಗುಗಳು ಬಂದ ಮೇಲೆ ಓಡಂ ಮೂಲೆ ಸೇರಿತು.

ಇನ್ನು ಮೊದಲಲ್ಲಿ ಹೇಳಿದ ವಿಹಾರದ ಕ್ಯಾಟಮರಾನ್ ಚೋಳಮಂಡಲ ಕರಾವಳಿಯ ಕಟ್ಟುಮರದಿಂದ ಹೆಸರು ಪಡೆದಿದೆ. ಅದರ ಎರಡು ಒಡಲಿನ ರೂಪ ಮಾತ್ರ ಪಾಲಿನೇಷ್ಯದ ದ್ವೀಪವಾಸಿಗಳದ್ದು. ಅಮೆರಿಕದ ನತಾನಿಯಲ್ ಹೆರೆಶಾಫ್ 1876ರಲ್ಲಿ ಕಟ್ಟಿದ ‘ಅಮರಿಲಿಸ್’ ನ್ಯೂಯಾರ್ಕಿನ ಪಂದ್ಯದಲ್ಲಿ ಒಂಟಿ ಒಡಲಿನ ದೋಣಿಗಳನ್ನೆಲ್ಲ ಹಿಂದಿಕ್ಕಿತು. 1947ರಲ್ಲಿ ಹವಾಯಿಯಲ್ಲಿ ವುಡಿ ಬ್ರೌನ್ ‘ಮನು ಕಾಯ್’ ಎಂಬ ಕ್ಯಾಟಮರಾನ್ ನಿರ್ಮಿಸಿದರು. 1955–56ರಲ್ಲಿ ಇಂಗ್ಲೆಂಡಿನ ಜೇಮ್ಸ್ ವಾರಮ್ ಸ್ವಂತ ಕೈಯಿಂದ ಕಟ್ಟಿದ ಪುಟ್ಟ ‘ಟಂಗರೋವಾ’ದಲ್ಲಿ ಅಟ್ಲಾಂಟಿಕ್ ದಾಟಿದರು. 1969ರಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳ ಟೋರ್ಟೋಲಾದಲ್ಲಿ ಕ್ಯಾರಿ ದಂಪತಿ ‘ದಿ ಮೂರಿಂಗ್ಸ್’ ಆರಂಭಿಸಿ ಬಾಡಿಗೆಯ ಹಾಯಿನೌಕೆಗಳ ವ್ಯವಹಾರಕ್ಕೆ ಬುನಾದಿ ಹಾಕಿದರು. ಹೆಚ್ಚು ವಾಲದಿರುವುದು, ಆಳವಿಲ್ಲದ ನೀರಿನಲ್ಲೂ ತೇಲುವುದು ಕ್ಯಾಟಮರಾನಿನ ಗುಣಗಳು. ಮಕ್ಕಳು, ವಯಸ್ಸಾದವರೊಂದಿಗೆ ಹೋಗುವ ಕುಟುಂಬಗಳು ಅದನ್ನು ಮೆಚ್ಚಿದ್ದು ಇದರಿಂದಲೇ.

ಹೊಲಿದ ಹಡಗು ಇತ್ತೀಚೆಗೆ ಮತ್ತೆ ನೀರಿಗಿಳಿದಿದೆ. 1980–81ರಲ್ಲಿ ಸಾಹಸಯಾನಿ ಟಿಮ್ ಸೆವೆರಿನ್ ಒಮಾನ್‌ನಿಂದ ಚೀನಾದ ಕ್ಯಾಂಟನ್ನಿಗೆ ಸಾಗಿಸಿದ ‘ಸೊಹಾರ್’ ತೆಂಗಿನ ಹುರಿಯಲ್ಲಿ ಹೊಲಿದದ್ದು. ಹೊಲಿಗೆಗೆ ಲಕ್ಷದ್ವೀಪದ ಕುಶಲಿಗರನ್ನೇ ಕರೆಸಿಕೊಂಡಿದ್ದರು. ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ ಹೊಲಿದ ‘ಕೌಂಡಿನ್ಯ’ ನೌಕೆಯನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಅದೇ ವರ್ಷ ಡಿಸೆಂಬರಿನಲ್ಲಿ ಅದು ಪೋರಬಂದರದಿಂದ ಮಸ್ಕತ್‌ಗೆ ಹೊರಟಿತು.

ಇಂದು ಲಕ್ಷದ್ವೀಪಕ್ಕೆ ಹೋಗುವ ಕುಟುಂಬಗಳು ಮೊದಲು ಪ್ರವೇಶಪರವಾನಗಿ ಪಡೆಯಬೇಕು. ಹೆಚ್ಚಿನವರು ಕೊಚ್ಚಿಯಿಂದ ಹೊರಡುತ್ತಾರೆ. ಮಂಗಳೂರಿನ ಹಳೆ ಬಂದರಿನಿಂದ ಸಾಮಾನಿನ ಮಂಜಿ ದೋಣಿಗಳು ದ್ವೀಪಕ್ಕೆ ಹೋಗುವುದು ನಿಂತಿಲ್ಲ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಸುಮಾರು ಏಳು ಗಂಟೆಯಲ್ಲಿ ದ್ವೀಪದ ಪ್ರಯಾಣಿಕರನ್ನು ಮಂಗಳೂರಿಗೆ ತಂದಿತ್ತು. ತಪ್ಪದೆ ಓಡುವ ಪ್ರಯಾಣಿಕ ಹಡಗೊಂದನ್ನು ಈ ಹಳೆಯ ದಾರಿಯಲ್ಲಿ ಹಾಕಲು ಕರ್ನಾಟಕ ಸರ್ಕಾರವೂ ಲಕ್ಷದ್ವೀಪದ ಆಡಳಿತವೂ ಮನಸ್ಸು ಮಾಡಬೇಕು.