ತಂಗಡಿ: ನಂಜನಗೂಡು–ತಿ. ನರಸೀಪುರ ಸೀಮೆಯ ಕುರುಚಲು ಗಿಡವೊಂದರ ನೆಲೆ ಮತ್ತು ಬೇಸಾಯ

ನಂಜನಗೂಡು ತಾಲ್ಲೂಕಿನ ಗರಸು ದಿಣ್ಣೆಗಳಲ್ಲಿ, ಗೋಮಾಳಗಳ ಅಂಚಿನಲ್ಲಿ, ಬಂದರೆ, ಕಾರೆ, ಕವಳೆಗಳ ನಡುವೆ ತಂಗಡಿ ತಾನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಲಿನೇಯಸ್ ಇದನ್ನು ಕೇಸಿಯಾ ಕುಲದಲ್ಲಿ ವರ್ಣಿಸಿದ್ದ. ಇಂಥ ನೆಲವನ್ನು ಪಾಳು ಎಂದು ಬರೆದುಕೊಂಡು ನೀಲಗಿರಿ ನೆಡುವ ರೂಢಿ ಬಲವಾಗಿತ್ತು. ಆದರೆ ತಂಗಡಿ ಈ ಸೀಮೆಯ ಬೇಸಾಯದ ಒಳಗೇ ಬಾಳಿದ ಗಿಡ, ಅದನ್ನು ಬಿತ್ತಿ ಬೆಳೆಸುವುದು ಇಂದಿನ ಅಗತ್ಯ ಎಂಬುದು ಈ ಲೇಖನದ ವಾದ.

ದಿಣ್ಣೆಯ ಸೊಪ್ಪು ಗದ್ದೆಗೆ ಇಳಿಯುತ್ತಿದ್ದುದೇ ಇದಕ್ಕೆ ಮೊದಲ ಸಾಕ್ಷಿ. ಹುಲ್ಲಹಳ್ಳಿ ನಾಲೆ, ತಲಕಾಡು ಕಡೆಯ ಮಾಧವಮಂತ್ರಿ ನಾಲೆಯಂಥ ಹಳೆಯ ನೀರಾವರಿಯ ನಾಡಿನಲ್ಲಿ ನಾಟಿಗೆ ಮುಂಚೆ ಹೊಂಗೆ, ಎಕ್ಕ, ತಂಗಡಿ ಸೊಪ್ಪನ್ನು ಕೆಸರಿನಲ್ಲಿ ತುಳಿಸುವುದು ಪರಿಚಿತ ಪದ್ಧತಿ. ಚೌಳು ಹತ್ತಿದ ಗದ್ದೆಗೆ ಈ ಸೊಪ್ಪು ವಿಶೇಷವಾಗಿ ಒಗ್ಗುತ್ತದೆ. ತೊಗಟೆಯದು ಇನ್ನೊಂದು ಕಥೆ. ಅದರಲ್ಲಿ ಸುಮಾರು ಶೇಕಡ 18ರಷ್ಟು ಟ್ಯಾನಿನ್ ಇದೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚರ್ಮ ಹದಮಾಡುವವರು ಈ ತೊಗಟೆ ಬಳಸುವುದನ್ನು ದಾಖಲಿಸಿದ್ದಾನೆ. ಆಮದಾದ ವ್ಯಾಟಲ್ ತೊಗಟೆಯೂ ಕ್ರೋಮ್ ಹದವೂ ಬಂದ ಮೇಲೆ ಆ ಬೇಡಿಕೆ ಕುಗ್ಗಿತು.

ಹೂವಿನ ರಚನೆ ನಿಜಕ್ಕೂ ಸೋಜಿಗದ್ದು. ಅದರಲ್ಲಿ ಮಕರಂದವಿಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವು ತುದಿಯ ಸಣ್ಣ ರಂಧ್ರದಿಂದಷ್ಟೇ ಪರಾಗ ಬಿಡುತ್ತವೆ. ಮರಕೊರೆಯುವ ದುಂಬಿ ಹೂವನ್ನು ಅಪ್ಪಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸಿದಾಗ ಪರಾಗ ಚಿಮ್ಮುತ್ತದೆ. ಒಂದಿಷ್ಟು ದುಂಬಿಯ ಆಹಾರ, ಉದ್ದ ಕೇಸರಗಳದ್ದು ಅದರ ಮೈಗೆ ಅಂಟಿ ಮುಂದಿನ ಹೂವಿಗೆ. ಹಾಗಾಗಿ ಒಣಮರದ ಕೊರಡುಗಳನ್ನೆಲ್ಲ ಸೌದೆಗೆ ಒಯ್ದ ಊರಿನಲ್ಲಿ ದುಂಬಿಗೆ ಗೂಡಿಲ್ಲ, ತಂಗಡಿಗೆ ಕಾಯಿ ಕಡಿಮೆ. ಗಿಡ ಬೆಳೆಸುವವರು ಕೊರಡನ್ನೂ ಉಳಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ಬಹುಪಾಲು ಮಣ್ಣಿನಲ್ಲೇ ಮಲಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿಗಳನ್ನು ಕೊಯ್ದು, ಹುಳು ಕೊರೆದ ಬೀಜಗಳನ್ನು ಆರಿಸಿ ಬಿಸಾಡಬೇಕು. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ ರಾತ್ರಿಯಿಡೀ ಬಿಟ್ಟರೆ ಉಬ್ಬಿದವು ಬಿತ್ತನೆಗೆ ಸಿದ್ಧ. ಉಬ್ಬದವಕ್ಕೆ ಮತ್ತೊಮ್ಮೆ ಅದೇ ಉಪಚಾರ, ಇಲ್ಲವೇ ಮರಳಿನಲ್ಲಿ ಉಜ್ಜಿದರೂ ಸಾಕು. ಈ ಸೀಮೆಯ ಮಳೆಗೆ ಎರಡು ಏರುಗಳು: ಮೇ ತಿಂಗಳು, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್. ಮೇ ಮಳೆಗೆ ನೇರವಾಗಿ ಬಿತ್ತಿದ ಸಸಿಗೆ ಎರಡನೆಯ ಮಳೆಯೂ ದಕ್ಕುತ್ತದೆ. ಬೇಸಗೆಯ ಹೊತ್ತಿಗೆ ತಾಯಿಬೇರು ಆಳಕ್ಕಿಳಿದಿರುತ್ತದೆ. ಪಾಲಿಥಿನ್ ಚೀಲದಲ್ಲಿ ಆ ಬೇರು ಸುರುಳಿ ಸುತ್ತಿಕೊಳ್ಳುವುದರಿಂದ ನೇರ ಬಿತ್ತನೆಯೇ ಮೇಲು. ಸಾಲಿನಲ್ಲಿ ಒಂದೊಂದು ಮೀಟರ್ ಅಂತರ ಸಾಕು. ಗೊಬ್ಬರದ ಹಂಗಿಲ್ಲ. ದನಕರು, ಆಡು ಸಾಮಾನ್ಯವಾಗಿ ಇದನ್ನು ಮೇಯುವುದಿಲ್ಲವಾದ್ದರಿಂದ ಬೇಲಿಯ ಖರ್ಚೂ ಉಳಿಯುತ್ತದೆ. ನೀರು ನಿಲ್ಲುವ ನಾಲೆಯ ಬದಿ ಮಾತ್ರ ಬೇಡ. ಸೊಪ್ಪಿಗಾಗಿ ನೆಲದಿಂದ ಗೇಣೆತ್ತರ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ತಾಂಡವಪುರ, ಅಡಕನಹಳ್ಳಿ, ಇಮ್ಮಾವು ಸುತ್ತ ಕೈಗಾರಿಕಾ ಪ್ರದೇಶ ಹಬ್ಬಿದ ಮೇಲೆ ಬೀಜಕ್ಕೆ ಆಸರೆಯಾದ ದಿಣ್ಣೆಗಳು ಕರಗಿವೆ. ಉಳಿದ ಗೋಮಾಳಗಳಿಂದಲೇ ಬೀಜ ಕೂಡಿಸಬೇಕು. ಕೂಡಿಸುವಾಗ ಎಚ್ಚರ ಬೇಕು. ರಸ್ತೆಬದಿಯ ಸೀಮೆತಂಗಡಿಗೂ, ಬಂಡೀಪುರ–ನಾಗರಹೊಳೆ ಕಾಡುಗಳಲ್ಲಿ ದಾಳಿಯಿಡುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್‌ಗೂ ಇದೇ ಹಳದಿ ಹೂ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಉಪಪತ್ರ, ಎಲೆದಂಟಿನಲ್ಲಿ ಚಿಕ್ಕೆಲೆಗಳ ಜೋಡಿಗಳ ನಡುವೆ ಸಣ್ಣ ಗ್ರಂಥಿ, ಇವೆರಡೂ ಕಂಡ ಗಿಡದಿಂದ ಮಾತ್ರ ಕಾಯಿ ಕೊಯ್ಯಬೇಕು.