ತ್ರುಟಿತ ಶಾಸನಗಳೂ ಯಂತ್ರಬುದ್ಧಿಯೂ

ಕಲ್ಲು ಒಡೆದು ಅಕ್ಷರಗಳು ಲುಪ್ತವಾದೆಡೆಯಲ್ಲಿ ಪಾಠವನ್ನು ಊಹಿಸಿ ತುಂಬುವುದು ಶಾಸನಶಾಸ್ತ್ರದ ಕಠಿನ ಕಾರ್ಯಗಳಲ್ಲೊಂದು. ಗ್ರೀಕ್ ಶಾಸನಗಳ ಸಂಪಾದಕರು ಹೀಗೆ ತುಂಬಿದ ಅಕ್ಷರಗಳನ್ನು ಚೌಕ ಕಂಸಗಳಲ್ಲಿ ಬರೆಯುವರು. 1931ರಲ್ಲಿ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು ಇಂತಹ ಸಂಕೇತಗಳಿಗೆ ಏಕರೂಪವನ್ನು ಗೊತ್ತುಮಾಡಿದರು. ಕಂಸದ ಹೊರಗಿರುವುದು ಕಲ್ಲಿನ ಸಾಕ್ಷ್ಯ. ಒಳಗಿರುವುದು ಸಂಪಾದಕನ ಹೊಣೆ.

2022ರಲ್ಲಿ ಈ ಕಾರ್ಯಕ್ಕೆ 'ಇಥಾಕ' ಎಂಬ ಕೃತಕಬುದ್ಧಿಯ ಸಾಧನವು ಒದಗಿತು. ಡೀಪ್‌ಮೈಂಡ್ ಸಂಸ್ಥೆಯವರೂ ವೆನಿಸ್, ಆಕ್ಸ್‌ಫರ್ಡ್, ಅಥೆನ್ಸ್ ನಗರಗಳ ವಿದ್ವಾಂಸರೂ ಕೂಡಿ, ಸುಮಾರು 78,000 ಶಾಸನಪಾಠಗಳ ಸಂಗ್ರಹದಿಂದ ಇದನ್ನು ಸಿದ್ಧಪಡಿಸಿದರು. ಲುಪ್ತಸ್ಥಳಕ್ಕೆ ಒಪ್ಪಬಹುದಾದ ಪಾಠಗಳನ್ನು ಇದು ಸಂಭವನೀಯತೆಯ ಕ್ರಮದಲ್ಲಿ ಮುಂದಿಡುವುದು. ಶಾಸನದ ದೇಶಕಾಲಗಳನ್ನೂ ಸೂಚಿಸುವುದು. ಪರೀಕ್ಷೆಯಲ್ಲಿ ಇತಿಹಾಸಜ್ಞರು ತಾವಾಗಿಯೇ ಶೇಕಡ 25ರಷ್ಟನ್ನು, ಯಂತ್ರವೊಂದೇ ಶೇಕಡ 62ರಷ್ಟನ್ನು, ಯಂತ್ರದ ಸಹಾಯ ಪಡೆದ ಇತಿಹಾಸಜ್ಞರು ಶೇಕಡ 72ರಷ್ಟನ್ನು ಸರಿಯಾಗಿ ತುಂಬಿದರು. ಮೊದಲೆರಡು ಸಂಖ್ಯೆಗಳನ್ನು ನೋಡಿ ವಿದ್ವಾಂಸನಿಗೆ ಇನ್ನು ಕೆಲಸವಿಲ್ಲವೆನ್ನುವವರು ಮೂರನೆಯದನ್ನು ಗಮನಿಸಬೇಕು. ಯಂತ್ರವು ನೀಡಿದ ಪಾಠಗಳಲ್ಲಿ ಕೊಳ್ಳತಕ್ಕುದನ್ನೂ ಬಿಡತಕ್ಕುದನ್ನೂ ಬಲ್ಲ ವಿವೇಕದ ಫಲವದು. ಮೇಲಾಗಿ, ಪರೀಕ್ಷೆಗಾಗಿ ಮರೆಮಾಡಿದ ಅಕ್ಷರಗಳು ಪರೀಕ್ಷಕರಿಗೆ ತಿಳಿದೇ ಇದ್ದವು. ನಿಜವಾಗಿ ನಷ್ಟವಾದ ಪಾಠಕ್ಕೆ ಅಂತಹ ಒರೆಗಲ್ಲಿಲ್ಲ.

ಕಾಲನಿರ್ಣಯದಲ್ಲಿಯೂ ಇದೇ ವಿವೇಕ ಬೇಕಾಗುವುದು. ಮೂರು ಗೆರೆಯ 'ಸಿಗ್ಮ' ಅಕ್ಷರವಿರುವ ಅಥೆನ್ಸಿನ ನಿರ್ಣಯಶಾಸನಗಳು ಕ್ರಿ. ಪೂ. 446-45ಕ್ಕಿಂತ ಈಚಿನವಾಗಲಾರವೆಂಬುದು ಹಿಂದೆ ರೂಢವಾಗಿದ್ದ ಮತ. 1961ರಿಂದ ಹೆರಲ್ಡ್ ಮ್ಯಾಟಿಂಗ್ಲಿಯವರು ಇದನ್ನು ವಿರೋಧಿಸಿದರು. 1990ರಲ್ಲಿ ಕೆಲವರು ಲೇಸರ್ ಕಿರಣದ ನೆರವಿನಿಂದ ಎಗೆಸ್ತ ನಗರದ ಒಪ್ಪಂದದ ಶಾಸನವನ್ನು ಓದಿ, ಅದರ ಕಾಲ ಕ್ರಿ. ಪೂ. 418-17 ಎಂದು ವಾದಿಸಿದರು. ಇಂತಹ ವಿವಾದಗ್ರಸ್ತ ಶಾಸನಗಳಿಗೆ ಇಥಾಕವು ಸೂಚಿಸಿದ ಕಾಲವೂ ಸರಾಸರಿ ಕ್ರಿ. ಪೂ. 421. ಅಥೆನ್ಸು ತನ್ನ ಮಿತ್ರರಾಜ್ಯಗಳನ್ನು ಬಿಗಿಯಾಗಿ ಆಳತೊಡಗಿದುದು ಪೆರಿಕ್ಲೀಸನ ಶಾಂತಿಕಾಲದಲ್ಲೋ ಅನಂತರದ ಯುದ್ಧಕಾಲದಲ್ಲೋ ಎಂಬ ಪ್ರಶ್ನೆ ಇದನ್ನವಲಂಬಿಸಿದೆ.

ಆದರೂ ಯಂತ್ರವು ಕಲ್ಲನ್ನು ಕಂಡಿಲ್ಲ. ಅಕ್ಷರರೂಪವನ್ನು ಅರಿಯದೆ, ವಿದ್ವಾಂಸರು ಪ್ರತಿಮಾಡಿದ ಪಾಠವನ್ನಷ್ಟೇ ಅದು ಓದಿದೆ. ಲಿಪಿಯ ಹಳೆಯ ಮತಕ್ಕೆ ಅದು ಸಿಲುಕದುದಕ್ಕೆ ಇದೂ ಒಂದು ಕಾರಣವಿರಬಹುದು. ಅದು ಕಲಿತ ಕಾಲಗಣನೆಯಾದರೋ ವಿದ್ವಾಂಸರು ಕೊಟ್ಟುದೇ. ಆದುದರಿಂದ ಅದರ ನುಡಿಯು ಇನ್ನೊಂದು ಸಾಕ್ಷ್ಯವೇ ಹೊರತು ತೀರ್ಪಲ್ಲ.

ಕಂಸದೊಳಗಣ ಪಾಠವನ್ನೇ ಪ್ರಮಾಣವೆಂದು ನಂಬಿ ಇತಿಹಾಸವನ್ನು ಕಟ್ಟುವುದರ ಅಪಾಯವನ್ನು ಅರ್ನ್ಸ್ಟ್ ಬಾಡಿಯನ್ನರು 1989ರಲ್ಲಿಯೇ ಎತ್ತಿ ತೋರಿಸಿದ್ದರು. ಯಂತ್ರವು ಬಹುಶಾಸನಗಳಲ್ಲಿ ಬಂದ ಮಾತಿನ ಕಡೆಗೆ ವಾಲುವುದು ಸಹಜ. ಇತಿಹಾಸಕ್ಕೆ ಹೊಸತನ್ನು ಹೇಳುವುದಾದರೋ ಅನೇಕ ವೇಳೆ ಒಮ್ಮೆ ಮಾತ್ರ ಬಂದ ಮಾತು. ಯಂತ್ರದ ಊಹೆಯೂ ಕಂಸದೊಳಗೇ ಇರತಕ್ಕದ್ದು. ಆ ಕಂಸದ ಹೊಣೆ ವಿದ್ವಾಂಸನದೇ.